ಮಿಸಿಸಿಪ್ಪಿ ಹೆಪ್ಪುಗಟ್ಟುವ ಮುನ್ನ: ಶನಿವಾರದ ಹಕ್ಕಿ ವೀಕ್ಷಣೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಈ ಶನಿವಾರ ಬೆಳಿಗ್ಗೆ 8 ಗಂಟೆಗೆ ಮಿನ್ನೆಸೋಟದ ಬ್ರೌನ್ಸ್‌ವಿಲ್ ಊರಿನ ದಕ್ಷಿಣಕ್ಕೆ, 26ನೇ ಹೆದ್ದಾರಿಯ ಪಕ್ಕದ ವೀಕ್ಷಣಾ ಸ್ಥಳದಲ್ಲಿ ಸೇರೋಣ. ಅಕ್ಟೋಬರ್ ಕೊನೆಯಿಂದ ಇಲ್ಲಿ ತಂಗುವ ಟಂಡ್ರಾ ಹಂಸಗಳು ಮಿಸಿಸಿಪ್ಪಿ ನದಿಯ ಆಳವಿಲ್ಲದ ಹಿನ್ನೀರಿನ ಕೆಸರಿನಿಂದ ಗೆಡ್ಡೆಗಳನ್ನು ಕಿತ್ತು ತಿನ್ನುತ್ತವೆ. ಮಂಜುಗಡ್ಡೆ ಆ ಮೇವನ್ನು ಮುಚ್ಚಿದೊಡನೆ ಅವು ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯ ಕಡೆಗೆ ಹೊರಟುಬಿಡುವುದರಿಂದ, ಭೇಟಿಯನ್ನು ಮುಂದೂಡುವುದು ಬೇಡವೆಂದು ಕಳಕಳಿಯಿಂದ ಕೋರುತ್ತೇನೆ. ಕಳೆದ ಭಾನುವಾರ ಬೂದುಬಣ್ಣದ ಮರಿಯೊಂದು, ದೊಡ್ಡ ಹಂಸ ಕೆದಕಿ ತೇಲಿಸಿದ ಚೂರುಗಳನ್ನು ಅದರ ಎದೆಗೊರಗಿಕೊಂಡೇ ಹೆಕ್ಕುತ್ತಿದ್ದುದನ್ನು ಬಹಳ ಹೊತ್ತು ನೋಡಿದೆ.

ಗಲ್ ಹಕ್ಕಿಗಳನ್ನು ದಯವಿಟ್ಟು ಕಡೆಗಣಿಸಬೇಡಿ. ಮಂಜುಗಡ್ಡೆಯ ಅಂಚಿನಲ್ಲಿ ಸಾಲಾಗಿ ನಿಂತವುಗಳಲ್ಲಿ, ಹಳದಿ ಕೊಕ್ಕಿನ ತುದಿಯ ಬಳಿ ಕಪ್ಪು ಉಂಗುರವಿದ್ದರೆ ಅದು ರಿಂಗ್‌ಬಿಲ್ಡ್ ಗಲ್. ಮೈ ದೊಡ್ಡದಾಗಿದ್ದು, ಕಾಲು ಗುಲಾಬಿ ಬಣ್ಣದ್ದಾಗಿ, ಕೆಳಕೊಕ್ಕಿನಲ್ಲಿ ಕೆಂಪು ಚುಕ್ಕೆಯಿದ್ದರೆ ಹೆರಿಂಗ್ ಗಲ್. ಹಿನ್ನೀರು ಅಷ್ಟರಲ್ಲೇ ಗಟ್ಟಿಯಾಗಿದ್ದರೆ, ವಿಸ್ಕಾನ್ಸಿನ್ ದಡದ ಜೆನೋವಾದಲ್ಲಿರುವ 8ನೇ ಅಣೆಕಟ್ಟಿಗೆ ಹೋಗೋಣ. ಅದರ ಕೆಳಗೆ ರಭಸದಿಂದಾಗಿ ನೀರು ತೆರೆದೇ ಇರುವುದರಿಂದ, ಮುಳುಗಿ ಮೇಯುವ ಗೋಲ್ಡನ್‌ಐ ಬಾತುಗಳೂ ಬೋಳುತಲೆ ಹದ್ದುಗಳೂ ಅಲ್ಲಿಗೆ ಬರುತ್ತವೆ.

ದೂರದರ್ಶಕ, ದಪ್ಪ ಕೈಗವಸು ತನ್ನಿ. ಹೊಸ ಮಂಜುಗಡ್ಡೆಯ ಮೇಲೆ ಮಕ್ಕಳು ಕಾಲಿಡದಂತೆ ನೋಡಿಕೊಳ್ಳಿ. ಬರುವವರು ಗುರುವಾರ ರಾತ್ರಿಯೊಳಗೆ ತಿಳಿಸಿದರೆ ಕಾರುಗಳನ್ನು ಹೊಂದಿಸುತ್ತೇನೆ.