ಅಂಚೆಯ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಮಾನ್ಯ ಸಂಪಾದಕರೆ,

ನೋಂದಾಯಿತ ಪತ್ರಿಕೆಯ ಐವತ್ತು ಗ್ರಾಂ ತೂಕದ ಒಂದು ಬಿಡಿ ಪ್ರತಿಯನ್ನು ದೇಶದ ಯಾವ ಮೂಲೆಗಾದರೂ ಮುಟ್ಟಿಸಲು ಅಂಚೆ ಇಲಾಖೆ ದಶಕಗಳಿಂದ ಪಡೆಯುತ್ತ ಬಂದಿರುವ ಶುಲ್ಕ 25 ಪೈಸೆ. ಆ ನಾಲ್ಕಾಣೆಯ ನಾಣ್ಯವೇ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು. ದರ ಮಾತ್ರ ಉಳಿದುಕೊಂಡಿತು. ಬಸವನಗುಡಿಯಲ್ಲಿ ಒಂದು ಪುಟ್ಟ ಸಾಹಿತ್ಯ ಪತ್ರಿಕೆಯನ್ನೂ ವರ್ಷಕ್ಕೆ ಮೂರ್ನಾಲ್ಕು ಪುಸ್ತಕಗಳನ್ನೂ ಹೊರತರುವ ನಾನು ಇಂಥ ರಿಯಾಯಿತಿಗಳ ಫಲಾನುಭವಿ ಎಂಬುದನ್ನು ಮೊದಲೇ ಒಪ್ಪಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಅಂಚೆ ಇಲಾಖೆ ಬಿಳಿಯಾನೆ, ಅದನ್ನು ಖಾಸಗಿಯವರಿಗೆ ಒಪ್ಪಿಸಿ ಕೈತೊಳೆದುಕೊಳ್ಳಬೇಕು ಎನ್ನುವವರು ಒಂದು ಕಡೆ. ಎಷ್ಟು ಖರ್ಚಾದರೂ ಸರ್ಕಾರ ಕೊಡುತ್ತಲೇ ಇರಬೇಕು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಲೆಕ್ಕದ ಪುಸ್ತಕವನ್ನು ಬಿಡಿಸಿ ನೋಡಿದಂತಿಲ್ಲ. 2018-19ರಲ್ಲಿ ಇಲಾಖೆಯ ಕೊರತೆ ಸುಮಾರು 15,000 ಕೋಟಿ ರೂಪಾಯಿ ಎಂಬ ವರದಿ ಬಂದಾಗ ಬಹಳ ಗದ್ದಲವಾಗಿತ್ತು. ಐವತ್ತು ಪೈಸೆಗೆ ಮಾರುವ ಒಂದು ಪೋಸ್ಟ್ ಕಾರ್ಡಿಗೆ ಇಲಾಖೆಗೆ ತಗಲುವ ಸರಾಸರಿ ವೆಚ್ಚ 12 ರೂಪಾಯಿ 15 ಪೈಸೆ ಎಂಬ ವಿವರವೂ ಆಗಲೇ ಹೊರಬಿದ್ದಿತು. ಪೋಸ್ಟ್ ಕಾರ್ಡಿಗೆ ಐವತ್ತು ಪೈಸೆಯೆಂದು ಗೊತ್ತುಮಾಡಿದವರು ಬೆಲೆ ನಿಗದಿ ಮಾಡುವ ಸ್ವಾತಂತ್ರ್ಯವಿದ್ದ ವ್ಯಾಪಾರಿಗಳಲ್ಲ, ಸರ್ಕಾರದವರು. ಬಡವನ ಪತ್ರ ಅಗ್ಗವಾಗಿರಲಿ ಎಂಬ ಆ ತೀರ್ಮಾನ ಸರಿಯಾದದ್ದೇ. ಆದರೆ ತೀರ್ಮಾನ ಒಬ್ಬರದು, ಅದರ ನಷ್ಟ ಇನ್ನೊಬ್ಬರ ಹೆಸರಿನಲ್ಲಿ ಎಂದಾದರೆ ಅದು ಲೆಕ್ಕವೆನಿಸಿಕೊಳ್ಳುವುದಿಲ್ಲ.

ಅಂಚೆ ಒಂದು ಕಂಪನಿಯಲ್ಲ, ಕೇಂದ್ರದ ಸಂವಹನ ಸಚಿವಾಲಯದ ಒಂದು ಇಲಾಖೆ. ಆದ್ದರಿಂದ ಅದು ದಿವಾಳಿಯಾಗುವ ಪ್ರಶ್ನೆ ಇಲ್ಲ. ಪ್ರತಿ ವರ್ಷದ ಕೊರತೆಯನ್ನು ಬೊಕ್ಕಸ ತುಂಬಿಕೊಡುತ್ತಲೇ ಇದೆ. ಹೀಗೆ ನೋಡಿದರೆ ಸರ್ಕಾರ ಅಂಚೆಯನ್ನು ಕಾಪಾಡಬೇಕೇ ಬೇಡವೇ ಎಂಬ ಚರ್ಚೆಯೇ ಅಸಂಬದ್ಧ. ಕಾಪಾಡುವುದು ಮೊದಲಿನಿಂದಲೂ ನಡೆದಿದೆ, ಆದರೆ ಯಾವ ಕೆಲಸಕ್ಕೆ ಎಷ್ಟು ಕೊಟ್ಟೆವು ಎಂದು ಹೇಳದೆ, ಸದ್ದಿಲ್ಲದೆ, ಕೊನೆಗೆ ಬೈಗುಳವನ್ನು ಇಲಾಖೆಯ ತಲೆಗೇ ಕಟ್ಟುವ ರೀತಿಯಲ್ಲಿ ನಡೆದಿದೆ. ಬದಲಾಗಬೇಕಾದದ್ದು ಈ ರೀತಿ.

ಹಳೆಯ ಏರ್ಪಾಡಿನಲ್ಲಿ ಒಂದು ತರ್ಕವಿತ್ತು. 1898ರ ಅಂಚೆ ಕಾಯ್ದೆ ಪತ್ರ ಸಾಗಿಸುವ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕೊಟ್ಟಿತ್ತು. ನಗರಗಳ ಲಾಭದ ಪತ್ರಗಳಿಂದ ಹಳ್ಳಿಯ ನಷ್ಟದ ಪತ್ರಗಳನ್ನು ಸರಿದೂಗಿಸಿಕೊಳ್ಳಬಹುದು ಎಂಬುದು ಅದರ ಹಿಂದಿನ ಲೆಕ್ಕಾಚಾರ. ವಾಸ್ತವದಲ್ಲಿ ಕೊರಿಯರ್ ಕಂಪನಿಗಳು ಬಂದಂದೇ ಅದು ಮುರಿದುಬಿದ್ದಿತ್ತೆನ್ನಿ. 2024ರ ಜೂನ್ 18ರಿಂದ ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆಯಲ್ಲಿ ಆ ಏಕಸ್ವಾಮ್ಯ ಕಾಗದದ ಮೇಲೂ ಇಲ್ಲವಾಯಿತು. ದೇಶದಾದ್ಯಂತ ಇರುವ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಹಳ್ಳಿಗಳಲ್ಲೇ ಇವೆ. ಅವುಗಳನ್ನು ನಡೆಸುವ ಹೊಣೆ ಮಾತ್ರ ಹಾಗೆಯೇ ಉಳಿಯಿತು. ಹೋರಿಯನ್ನು ಬಿಚ್ಚಿಕೊಂಡು ಹೋಗಿ ಗಾಡಿಯನ್ನು ನೀನೇ ಎಳೆ ಎಂದ ಹಾಗೆ.

ಆ ಗಾಡಿಯನ್ನು ಎಳೆಯುತ್ತಿರುವವರು ಯಾರೆಂಬುದನ್ನು ನಾನು ಸಕಲೇಶಪುರದ ಕಡೆಯ ನಮ್ಮ ಸೋದರತ್ತೆಯ ಊರಿನಲ್ಲಿ ಕಂಡಿದ್ದೇನೆ. ಅಲ್ಲಿನ ಶಾಖಾ ಅಂಚೆ ಕಚೇರಿ ಎಂದರೆ ಗ್ರಾಮೀಣ ಡಾಕ್ ಸೇವಕರ ಮನೆಯ ಜಗಲಿ: ಒಂದು ಮೇಜು, ಒಂದು ತಕ್ಕಡಿ, ಗೋಡೆಗೆ ಒರಗಿಸಿಟ್ಟ ಕೆಂಪು ಬೋರ್ಡು. ಜಾಗವನ್ನು ಅವರೇ ಒದಗಿಸಿಕೊಳ್ಳಬೇಕೆಂಬುದು ನಿಯಮ. ಮಂಡಿ ನೋವಿನಿಂದ ಹೊಸಿಲು ದಾಟಲಾರದ ಅತ್ತೆಯ ಬಳಿಗೆ ಅವರು ಮಳೆಗಾಲದಲ್ಲಿ ಬೆರಳ ಗುರುತು ಪಡೆಯುವ ಯಂತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತಾರೆ. ಸವೆದ ಬೆರಳ ಗುರುತನ್ನು ಯಂತ್ರ ಒಪ್ಪದಿದ್ದಾಗ ಬೆರಳಿಗೆ ಚೂರು ಕೊಬ್ಬರಿ ಎಣ್ಣೆ ಹಚ್ಚಿ, ಒರೆಸಿ, ಮತ್ತೆ ಒತ್ತಿಸಿ, ಪಿಂಚಣಿಯ ಹಣವನ್ನು ಎಣಿಸಿ ಕೈಗಿಡುತ್ತಾರೆ. ಅದೇ ಊರಿಗೆ ಪುಸ್ತಕ ಕಳಿಸಲು ನಾನು ಒಮ್ಮೆ ಹೋದ ಖಾಸಗಿ ಕೊರಿಯರ್ ಕಚೇರಿಯಲ್ಲಿ ಪಿನ್ ಕೋಡ್ ನೋಡಿದೊಡನೆ ‘ಸರ್ವಿಸ್ ಇಲ್ಲ ಸರ್, ತಾಲ್ಲೂಕಿಗೆ ಬಂದು ತಗೊಳ್ಳಲಿ’ ಎಂದರು. ಅವರನ್ನು ದೂರುವಂತಿಲ್ಲ, ಲಾಭವಿಲ್ಲದ ದಾರಿ ತುಳಿಯಬೇಕೆಂಬ ಹೊಣೆ ಅವರಿಗಿಲ್ಲ. ಈ ಸೇವಕರಿಗೆ ಸಿಗುವುದು ದಿನಕ್ಕೆ ನಾಲ್ಕೈದು ಗಂಟೆಯ ದುಡಿಮೆಯ ಲೆಕ್ಕದ ಭತ್ಯೆ; ಇಲಾಖೆಯ ಕಾಯಂ ನೌಕರರಿಗಿರುವ ಪಿಂಚಣಿ ಅವರಿಗಿಲ್ಲ. ಸಂಬಳ ಮತ್ತು ಪಿಂಚಣಿಯ ಭಾರ ಆದಾಯವನ್ನು ಮೀರಿದೆ ಎಂಬುದು ನಿಜವೇ ಆದರೂ, ಆ ಭಾರ ಕೂತಿರುವುದು ಈ ಜಗಲಿಗಳ ಮೇಲಲ್ಲ.

ಹಾಗೆಂದು ಇಲಾಖೆಯನ್ನು ಪೂರ್ತಿ ವಹಿಸಿಕೊಂಡು ಮಾತಾಡಲು ನನ್ನಿಂದಾಗದು. ಕಳೆದ ವರ್ಷ ಕಲಬುರಗಿಯ ಚಂದಾದಾರರೊಬ್ಬರಿಗೆ ಕಳಿಸಿದ ಪುಸ್ತಕದ ಕಟ್ಟು ಮೂರು ವಾರ ಸುತ್ತಾಡಿ ‘ಬಾಗಿಲು ಹಾಕಿದೆ’ ಎಂಬ ಷರಾದೊಂದಿಗೆ ನನ್ನಲ್ಲಿಗೇ ಮರಳಿತು. ಆ ದಿನಗಳಲ್ಲಿ ಅವರ ಮನೆಯಲ್ಲಿ ಮಗಳ ಬಾಣಂತನ, ಬಾಗಿಲು ಹಗಲಿಡೀ ತೆರೆದೇ ಇತ್ತು. ದೂರು ಕೊಟ್ಟೆ, ದೂರು ಇತ್ಯರ್ಥವಾಗಿದೆ ಎಂಬ ಸಂದೇಶ ಬಂತು, ಹೇಗೆ ಇತ್ಯರ್ಥವಾಯಿತೆಂದು ಮಾತ್ರ ಇವತ್ತಿಗೂ ತಿಳಿದಿಲ್ಲ. ನಮ್ಮ ಹಲಸೂರಿನ ಕೇಂಬ್ರಿಜ್ ಲೇಔಟಿನಲ್ಲಿ ದೇಶದ ಮೊದಲ ತ್ರೀಡಿ ಮುದ್ರಿತ ಅಂಚೆ ಕಚೇರಿ 2023ರಲ್ಲಿ ಒಂದೂವರೆ ತಿಂಗಳೊಳಗೆ ಎದ್ದು ನಿಂತಿತು. ಕಟ್ಟಡ ಏಳುವ ವೇಗಕ್ಕೂ ಕಟ್ಟು ತಲುಪುವ ವೇಗಕ್ಕೂ ಇನ್ನೂ ಹೊಂದಾಣಿಕೆ ಆಗಿಲ್ಲ.

ಲೆಕ್ಕ ಬೇರ್ಪಡಿಸದೆ ‘ನಷ್ಟ ತಗ್ಗಿಸಿ’ ಎಂದು ಇಲಾಖೆಯ ಮೇಲೆ ಒತ್ತಡ ಹಾಕಿದರೆ ಏನಾಗುತ್ತದೆ ಎಂಬುದನ್ನು ನಮ್ಮಂಥ ಸಣ್ಣ ಪ್ರಕಾಶಕರು ಈಚೆಗೆ ಅನುಭವಿಸಿದ್ದೇವೆ. 2024ರ ಡಿಸೆಂಬರಿನಲ್ಲಿ ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳಿಸಲು ಇದ್ದ ನೋಂದಾಯಿತ ಬುಕ್ ಪೋಸ್ಟ್ ಸೌಲಭ್ಯ ಇದ್ದಕ್ಕಿದ್ದಂತೆ ನಿಂತುಹೋಯಿತು. ಕೌಂಟರಿನಲ್ಲಿದ್ದ ಸಿಬ್ಬಂದಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ ‘ನೋಡಿ, ಆಪ್ಷನ್ನೇ ಇಲ್ಲ’ ಎಂದು ತೋರಿಸಿದರು. 2025ರ ಮೇ ತಿಂಗಳಲ್ಲಿ ಪುಸ್ತಕಗಳಿಗೆಂದು ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂದು, 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100 ರೂಪಾಯಿ ಎಂಬ ದರ ಗೊತ್ತಾದಾಗ ಉಸಿರು ಬಿಟ್ಟೆವು. ಆದರೆ ನಡುವಿನ ನಾಲ್ಕು ತಿಂಗಳು ಪುಸ್ತಕದ ಬೆಲೆಯ ಹತ್ತಿರಕ್ಕೆ ಬರುತ್ತಿದ್ದ ಅಂಚೆ ವೆಚ್ಚವನ್ನು ತೆತ್ತವರು ಓದುಗರು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಎಂಬುದು ಸ್ಪೀಡ್ ಪೋಸ್ಟಿನೊಳಗೆ ಲೀನವಾಯಿತು. ಹಿಂದೆ 25 ರೂಪಾಯಿ 96 ಪೈಸೆಗೆ ಹೋಗುತ್ತಿದ್ದ ಒಂದು ರಿಜಿಸ್ಟರ್ಡ್ ಪತ್ರಕ್ಕೆ ಈಗ ಹೊರ ಊರಾದರೆ 47 ರೂಪಾಯಿ, ನೋಂದಣಿಗೆ ಐದು, ಮೇಲೆ ಜಿಎಸ್‌ಟಿ. ಸಾರ್ವಜನಿಕ ಸೇವೆಯ ವೆಚ್ಚವನ್ನು ಸರ್ಕಾರ ನೇರವಾಗಿ ಒಪ್ಪಿಕೊಳ್ಳದಿದ್ದರೆ ಅದು ಹೀಗೆ ಕಂತು ಕಂತಾಗಿ ಬಳಕೆದಾರರ ಹೆಗಲಿಗೆ ಜಾರುತ್ತದೆ.

ಲೆಕ್ಕ ಬರೆಯುವ ರೀತಿಯೇ ನಷ್ಟವನ್ನು ಹುಟ್ಟಿಸಬಲ್ಲದು ಎಂಬುದಕ್ಕೆ ಅಮೆರಿಕದ ಅಂಚೆ ಸೇವೆ ದೊಡ್ಡ ಉದಾಹರಣೆ. ನಿವೃತ್ತ ನೌಕರರ ಆರೋಗ್ಯ ವೆಚ್ಚಕ್ಕೆ ದಶಕಗಳ ಮುಂಚೆಯೇ ಹಣ ಕೂಡಿಡಬೇಕೆಂದು 2006ರಲ್ಲಿ ಅಲ್ಲಿನ ಸಂಸತ್ತು ವಿಧಿಸಿದ ಷರತ್ತಿನಿಂದ ವರ್ಷಕ್ಕೆ ಸುಮಾರು 550 ಕೋಟಿ ಡಾಲರ್ ಹೊರೆ ಬಿದ್ದು, ಅದೇ ಸಂಸತ್ತು 2022ರಲ್ಲಿ ಆ ಷರತ್ತನ್ನೂ ಬಾಕಿಯನ್ನೂ ಮನ್ನಾ ಮಾಡಬೇಕಾಯಿತು. ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು: ಅಲ್ಲಿನ ಸರ್ಕಾರಿ ಅಂಚೆ 2025ರ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸಿತು. ಸರ್ಕಾರದ ಪತ್ರವೆಲ್ಲ ಮೊಬೈಲಿಗೆ ಬರುವ ಪುಟ್ಟ ದೇಶಕ್ಕೆ ಅದು ಒಗ್ಗೀತು, ನಮ್ಮತ್ತೆಯ ಊರಿಗಲ್ಲ. ಇನ್ನು ನಮ್ಮಲ್ಲೇ, 1985ರವರೆಗೆ ಅಂಚೆಯ ಜೊತೆಗೇ ಒಂದೇ ಇಲಾಖೆಯಲ್ಲಿದ್ದ ದೂರಸಂಪರ್ಕದ ಕಡೆ ನೋಡಿ. ಬಿಎಸ್‌ಎನ್‌ಎಲ್‌ಗೆ 2019, 2022 ಮತ್ತು 2023ರಲ್ಲಿ ಒಟ್ಟು ಮೂರು ಲಕ್ಷ ಕೋಟಿ ರೂಪಾಯಿಗೂ ಮಿಕ್ಕ ಪುನಶ್ಚೇತನ ಪ್ಯಾಕೇಜುಗಳನ್ನು ಘೋಷಿಸಿದಾಗ ಸರ್ಕಾರ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಹೇಳಿತ್ತು. ತಮ್ಮನಿಗೆ ಸಂದ ಈ ಮರ್ಯಾದೆ ಅಣ್ಣನಿಗೂ ಸಲ್ಲಬೇಕಲ್ಲವೆ?

ಅಂಚೆಯನ್ನು ದೊಡ್ಡ ಸಾರ್ವಜನಿಕ ಸರಕು ಸಾಗಣೆ ಸಂಸ್ಥೆಯಾಗಿ ಮಾರ್ಪಡಿಸುವುದಾಗಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2025ರ ಬಜೆಟ್ ಭಾಷಣದಲ್ಲಿ ಹೇಳಿದ್ದರು. ಅವರು ರಾಜ್ಯಸಭೆಗೆ ಆಯ್ಕೆಯಾಗಿರುವುದು ಕರ್ನಾಟಕದಿಂದ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯನ್ನು ಸ್ಥಾಪಿಸಿ, 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರುವವರೆಗೂ ಸಂಸ್ಥಾನವೇ ಅದನ್ನು ನಡೆಸಿದ ನಾಡು ಇದು. ಆದ್ದರಿಂದ ಈ ಕೋರಿಕೆಯನ್ನು ಅವರ ಮುಂದಿಡಲು ನಮಗೆ ತುಸು ಹೆಚ್ಚಿನ ಸಲಿಗೆ ಇದೆ ಎಂದುಕೊಳ್ಳುತ್ತೇನೆ. ಹಳ್ಳಿಯ ಶಾಖಾ ಕಚೇರಿಗಳು, ಪೋಸ್ಟ್ ಕಾರ್ಡು, ಪತ್ರಿಕೆ ಮತ್ತು ಪುಸ್ತಕಗಳ ರಿಯಾಯಿತಿ, ಇವಿಷ್ಟಕ್ಕೆ ತಗಲುವ ವೆಚ್ಚವನ್ನು ಸರ್ಕಾರ ಪ್ರತಿ ವರ್ಷ ಲೆಕ್ಕ ಹಾಕಿಸಿ, ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸಿ ಇಲಾಖೆಗೆ ಪಾವತಿಸಲಿ. ಅದನ್ನು ಕಳೆದು ಉಳಿಯುವ ಪಾರ್ಸೆಲ್, ಸ್ಪೀಡ್ ಪೋಸ್ಟ್ ವ್ಯವಹಾರದ ನಷ್ಟಕ್ಕೆ ಮಾತ್ರ ಇಲಾಖೆಯ ಅಧಿಕಾರಿಗಳನ್ನು ಹೊಣೆ ಮಾಡಲಿ. ಕಲಬುರಗಿಯಿಂದ ಮರಳಿದ ಕಟ್ಟಿನ ಉತ್ತರವನ್ನು ಆಗ ಖಡಾಖಂಡಿತವಾಗಿ ಕೇಳಬಹುದು.

ಹಾಗೆ ಲೆಕ್ಕ ತೆರೆದ ಮೇಲೆ, ಪತ್ರಿಕೆಗಳ ನಾಲ್ಕಾಣೆಯ ದರ ತೀರಾ ಕಡಿಮೆಯಾಯಿತು, ಒಂದೆರಡು ರೂಪಾಯಿಗೆ ಏರಿಸುತ್ತೇವೆ ಎಂದರೆ ನನ್ನ ತಕರಾರಿಲ್ಲ. ನಮ್ಮ ಚಂದಾದಾರರಿಗೆ ಮುಂದಿನ ಸಂಚಿಕೆಯಲ್ಲೇ ಒಂದು ಒಕ್ಕಣೆ ಬರೆದು, ಚಂದಾವನ್ನು ಅಷ್ಟರಮಟ್ಟಿಗೆ ಹೆಚ್ಚಿಸಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ಪ್ರಕಾಶಕ,
ಬಸವನಗುಡಿ, ಬೆಂಗಳೂರು