ಹಗ್ಗದ ಲೆಕ್ಕ

ಕೂಸೇ,

ನೀನು ಧಾರವಾಡದ ಬಸ್ ಹತ್ತಿ ಇವತ್ತಿಗೆ ನಾಲ್ಕು ದಿನ. ಹೊರಡುವಾಗ ಆಯಿಗೆ ಮಾತ್ರ ಹೇಳಿ ಹೋದೆ. ಹಿಂದಿನ ರಾತ್ರಿಯ ಮಾತು ಮತ್ತೆ ಬೇಡ.

ನೀನು ಕೇಳಿದ್ದು ಸರಿಯಾಗಿತ್ತು. 'ಲೋಲಕದ ಗುಂಡನ್ನು ಹಿಡಿದೇ ಇರೋ ದಾರ ಕೆಲಸಾನೇ ಮಾಡಲ್ಲ ಅಂದ್ರೆ ಹೇಗಪ್ಪಾ?' ನಾನು ಉತ್ತರ ಬಿಟ್ಟು ನಿನ್ನ ಮಾರ್ಕ್ಸ್ ಎತ್ತಿ ಆಡಿದೆ. ತಪ್ಪು ನನ್ನದೇ. ಪಿಯುಸಿಯಲ್ಲಿ ನಾನು ಅದನ್ನು ಬಾಯಿಪಾಠ ಮಾಡಿ ಪಾಸಾದವನು. ಹೇಗೆ ಅಂತ ಕೇಳಲೇ ಇಲ್ಲ. ನೀನು ಕೇಳಿದೆ.

ಹಲಸಿನ ಮರದ ಜೋಕಾಲಿ ನೆನಪಿದೆಯಲ್ವಾ? ನಿನಗಾಗ ಆರು ವರ್ಷ, 20 ಕೆ.ಜಿ. ನಿನ್ನನ್ನು 1 ಮೀಟರ್ ಮೇಲಕ್ಕೆ ಎಳೆದು ಹಿಡಿಯುತ್ತಿದ್ದೆ. ಲೆಕ್ಕದಲ್ಲಿ ಕೆಲಸ ಅಂದರೆ ಬಲ ಗುಣಿಸು ಆ ಬಲದ ಕಡೆಗೆ ಸರಿದ ದೂರ. ನಿನ್ನ 20 ಕೆ.ಜಿ. ಗುಣಿಸು ಗುರುತ್ವದ 9.8 ಗುಣಿಸು 1 ಮೀಟರ್, ಒಟ್ಟು 196 ಜೂಲ್. ಆ ಕೆಲಸ ನನ್ನ ತೋಳಿನದು. ಎತ್ತರದಲ್ಲಿ ಹಾಗೆ ಕೂಡಿಟ್ಟದ್ದೇ ಪ್ರಚ್ಛನ್ನ ಶಕ್ತಿ. ಕೈ ಬಿಟ್ಟರೆ ಗುರುತ್ವ ಅಷ್ಟೇ ಕೆಲಸ ಮಾಡಿ ನಿನ್ನನ್ನು ಕೆಳಗೆ ತರುತ್ತದೆ. ತಳದಲ್ಲಿ ವೇಗ ಸೆಕೆಂಡಿಗೆ 4.4 ಮೀಟರ್. ಹಗ್ಗ ಎಳೆಯುವುದು ಕೊಂಬೆಯ ಕಡೆಗೆ. ನೀನು ಸರಿಯುವುದು ಅದಕ್ಕೆ ಅಡ್ಡಲಾಗಿ, ಯಾವಾಗಲೂ 90 ಡಿಗ್ರಿ. ಹಗ್ಗ ಎಳೆದ ಕಡೆಗೆ ನೀನು ಕೂದಲೆಳೆಯಷ್ಟೂ ಹೋಗುವುದಿಲ್ಲ. ಅದಕ್ಕೇ ಕೆಲಸ ಸೊನ್ನೆ.

ಹಗ್ಗದ ಮೇಲಿನ ಭಾರ ಮಾತ್ರ ಸೊನ್ನೆ ಅಲ್ಲ. ತಳದಲ್ಲಿ ಅದು ನಿನ್ನ ತೂಕ ಹೊರುವುದರ ಜೊತೆಗೆ ನಿನ್ನ ಓಟವನ್ನು ಮೇಲಕ್ಕೆ ಬಾಗಿಸಲೂ ಬೇಕು. 4 ಮೀಟರ್ ಹಗ್ಗ, 1 ಮೀಟರ್ ಎತ್ತರ ಅಂದರೆ ತಳದಲ್ಲಿ ನಿನ್ನ ತೂಕದ ಒಂದೂವರೆ ಪಟ್ಟು ಎಳೆತ. 20 ಕೆ.ಜಿ. ಕೂಸಿಗೆ 30 ಕೆ.ಜಿ. ಭಾರ. ಅವತ್ತು ಹಗ್ಗ ಹರಿದದ್ದೂ ತಳದಲ್ಲೇ.

ನಿನಗೆ ಹೇಳದೇ ಇದ್ದದ್ದು ಒಂದಿದೆ. ಬೆಳಿಗ್ಗೆಯೇ ಒಂದು ಎಳೆ ಬಿಚ್ಚಿಕೊಂಡಿದ್ದು ನೋಡಿದ್ದೆ. ಅಡಿಕೆ ಕೊನೆಕೊಯ್ಲಿನ ಗಡಿಬಿಡಿ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಬಂದು ಕಾಯುತ್ತಿದ್ದ. ನಾಳೆ ಬದಲಿಸಿದರಾಯ್ತು ಅಂದುಕೊಂಡೆ. ಸಂಜೆ ನೀನು ಓಡಿ ಬಂದು ಕೂತು 'ಇನ್ನೂ ಮೇಲೆ ಅಪ್ಪಾ' ಅಂದೆ. ನಾನೇ ಎಳೆದೆ. ನಾನೇ ಬಿಟ್ಟೆ. ನಿನ್ನ ಮೊಣಕೈಯ ಹೊಲಿಗೆ ಗುರುತು ಕಂಡಾಗೆಲ್ಲ ಆ ಎಳೆಯೇ ಕಣ್ಣಿಗೆ ಬರುತ್ತದೆ. ಮಾರನೇ ದಿನ ದಪ್ಪ ನೈಲಾನ್ ಹಗ್ಗ ತಂದೆ. ಕಟ್ಟುವ ಧೈರ್ಯ ಆಗಲಿಲ್ಲ. ಹನ್ನೊಂದು ವರ್ಷದಿಂದ ಅಟ್ಟದ ಮೇಲಿದೆ.

ಲೆಕ್ಕ ಮಾಡುವಾಗ ಸೂತ್ರಕ್ಕೆ ಕೈ ಹಾಕಬೇಡ. ಮೊದಲು ಚಿತ್ರ ಬರಿ, ಬಾಣ ಹಾಕು, ಯಾವ ಬಲ ಯಾವ ಕಡೆಗೆ ನೋಡು. ಅರ್ಥವಾಗದಿದ್ದರೆ ಮೇಷ್ಟ್ರನ್ನು ಕೇಳು, ಸುಮ್ನೆ ತಲೆ ಆಡಿಸಬೇಡ. ಜಾಸ್ತಿ ರಾತ್ರಿ ಎದ್ದಿರಬೇಡ. ಬೆಳಗಿನ ತಿಂಡಿ ಬಿಡಬೇಡ.

ದೀಪಾವಳಿಗೆ ಬಾ. ಆ ಹಗ್ಗ ಹಳತಾಯಿತು, ಶಿರಸಿಯಿಂದ ಹೊಸದು ತರುತ್ತೇನೆ. ಕೊಂಬೆ ಗಟ್ಟಿ ಇದೆ. ನಿನ್ನೆ ಹತ್ತಿ ನೋಡಿದ್ದೇನೆ.

ಅಪ್ಪ