ಜಾರ್ಖಂಡ್: ಆದಿವಾಸಿಗಳ 28 ಸ್ಥಾನಗಳು ಉಳಿಯಲಿ

ಜನಸಂಖ್ಯೆಗೆ ತಕ್ಕಂತೆ ಚುನಾವಣಾ ಕ್ಷೇತ್ರಗಳ ಗಡಿ ಮತ್ತು ಮೀಸಲು ಹೊಸದಾಗಿ ನಿಗದಿಯಾಗುವ ಮುಂದಿನ ಕ್ಷೇತ್ರ ಮರುವಿಂಗಡಣೆಯಲ್ಲಿ ಜಾರ್ಖಂಡ್ ವಿಧಾನಸಭೆಯ ಆದಿವಾಸಿ ಮೀಸಲು ಸ್ಥಾನಗಳು ಕಡಿಮೆಯಾಗುವ ಭಯವಿದೆ. ಆದಿವಾಸಿಗಳು ದಶಕಗಳ ಕಾಲ ಹೋರಾಡಿ ಪಡೆದ ರಾಜ್ಯವದು. 2000ದ ನವೆಂಬರ್ 15ರಂದು, ಆದಿವಾಸಿ ಹೋರಾಟಗಾರ ಬಿರ್ಸಾ ಮುಂಡಾ ಹುಟ್ಟಿದ ದಿನವೇ ಅದು ಉದಯವಾಯಿತು. ಆದರೆ 2011ರ ಜನಗಣತಿ ಪ್ರಕಾರ ಅಲ್ಲಿ ಆದಿವಾಸಿಗಳು ಶೇ 26ರಷ್ಟು ಮಾತ್ರ. ತಾವೇ ಕಟ್ಟಿದ ಮನೆಯಲ್ಲಿ ಅವರು ಅಲ್ಪಸಂಖ್ಯಾತರು.

ಇದರ ಬಿಸಿ 2016ರಲ್ಲೇ ತಟ್ಟಿತು. ಆದಿವಾಸಿಗಳ ಜಮೀನು ಕಾಯುವ 1908 ಮತ್ತು 1949ರ ಗೇಣಿ ಕಾಯ್ದೆಗಳಿಗೆ ಸರ್ಕಾರ ತಿದ್ದುಪಡಿ ತರಲು ಹೊರಟಿತು. ಜನ ಬೀದಿಗಿಳಿದರು. ಆಗ ರಾಜ್ಯಪಾಲರಾಗಿದ್ದ ದ್ರೌಪದಿ ಮುರ್ಮು ಅವರು 2017ರಲ್ಲಿ ಮಸೂದೆಗಳನ್ನು ವಾಪಸ್ ಕಳಿಸಿದರು. ಅದೇ ರಾಜ್ಯದ ಖೂಂಟಿ ಜಿಲ್ಲೆ ಕಡೆ ಊರಬಾಗಿಲಲ್ಲಿ ಹಸಿರು ಬಣ್ಣ ಬಳಿದ ದೊಡ್ಡ ಕಲ್ಲುಗಳು ಎದ್ದು ನಿಂತವು. ಅವುಗಳ ಮೇಲೆ ಸಂವಿಧಾನದ ಸಾಲುಗಳು! ತಮ್ಮ ಹಕ್ಕನ್ನು ಕಲ್ಲಿನ ಮೇಲೆ ಬರೆದು ನಿಲ್ಲಿಸಬೇಕಾಯಿತು ಅಂದರೆ ಎಷ್ಟು ನೋವಿರಬೇಕು, ಅಲ್ವಾ?

ಈಗ 81 ಸ್ಥಾನಗಳಲ್ಲಿ 28 ಪರಿಶಿಷ್ಟ ಪಂಗಡಕ್ಕೆ ಮೀಸಲು. ಕಳೆದ ಮರುವಿಂಗಡಣೆಯಲ್ಲಿ ಇದನ್ನು ಇಳಿಸುವ ಪ್ರಸ್ತಾವ ಬಂದಾಗ ಕೇಂದ್ರ ತಡೆದಿತ್ತು. ಈ ಸಲ ಕೊನೇ ಗಳಿಗೆವರೆಗೆ ಸುಮ್ನೆ ಕಾಯುವುದು ಬೇಡ. ಜನಸಂಖ್ಯೆಯ ಪ್ರಮಾಣ ಎಷ್ಟೇ ಆಗಲಿ, 28ಕ್ಕಿಂತ ಕಡಿಮೆ ಮಾಡಬಾರದು ಎಂದು ಸಂಸತ್ತು ಈಗಲೇ ಸಂವಿಧಾನಕ್ಕೆ ತಿದ್ದುಪಡಿ ತರಲಿ.

– ಓದುಗ, ಧಾರವಾಡ